ಚರಂಡಿಯಾಚೆಯ ಹನ್ನೊಂದು ಮರ

ಜೂನ್ 4
ಎಸ್ಟೇಟಿನ ಲ್ಯಾಬಿಗೆ ಆರನೇ ಬ್ಲಾಕಿನ ಎಲೆ ಬಂತು. ತೊಳೆದು, ಒಣಗಿಸಲು ಓವನ್‌ಗೆ ಹಾಕಿದೆ. ಅಗಲವೇ ಇಲ್ಲ, ಅಂಚು ಅಲೆಅಲೆ, ಕೆಲವು ತಿರುಚಿಕೊಂಡಿವೆ. ಏಳು ವರ್ಷದ ರಬ್ಬರ್. ಹಾಲು ಇಳಿಸುವ ಟ್ಯಾಪಿಂಗ್ ಶುರುವಾಗಬೇಕಿತ್ತು, ಕಾಂಡ ದಪ್ಪವಾಗಿಲ್ಲ. ಮೇಸ್ತ್ರಿ ಗೊಬ್ಬರ ಹಾಕದೆ ಮಾರಿಕೊಂಡಿದ್ದಾನೆಂದು ಮ್ಯಾನೇಜರರ ಅನುಮಾನ. ಮೇಸ್ತ್ರಿ ಎಂದರೆ ನನ್ನ ಭಾವ. ನಾನಿರುವುದೂ ಅವರ ಮನೆಯಲ್ಲೇ. ಮಧ್ಯಾಹ್ನ ಊಟದ ಹೊತ್ತಿಗೆ ಅಕ್ಕ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು.

ಜೂನ್ 6
ಬ್ಲಾಕಿಗೇ ಹೋಗಿ ಟೇಪು ಹಿಡಿದೆ. ಸುತ್ತಳತೆ ಎಲ್ಲ ಮೂವತ್ತೆಂಟು, ನಲವತ್ತು ಸೆಂಟಿಮೀಟರ್. ಚರಂಡಿಯಾಚೆಯ ಹನ್ನೊಂದು ಮರ ಮಾತ್ರ ಐವತ್ತೆರಡು, ಐವತ್ನಾಲ್ಕು. ಎಲೆಯೂ ಅಗಲ, ನೆಟ್ಟಗೆ. ಅಲ್ಲಿಯ ಎಲೆ, ಎರಡೂ ಕಡೆಯ ಮಣ್ಣು ಪರೀಕ್ಷೆಗೆ ತೆಗೆದುಕೊಂಡೆ. ಅದೇ ಸಸಿ, ಅದೇ ವರ್ಷ, ಅದೇ ಗೊಬ್ಬರ. ಯಾಕೆ? ದಾರಿಯುದ್ದಕ್ಕೂ ಇದೇ ತಲೆ ತಿಂದಿತು. ಕಾಲಿಗೆ ಜಿಗಣೆ ಹತ್ತಿದ್ದು ಲ್ಯಾಬಿಗೆ ಬಂದ ಮೇಲೆಯೇ ಗೊತ್ತಾಗಿದ್ದು.

ಜೂನ್ 7, ಬೆಳಿಗ್ಗೆ
ಭಾವನನ್ನು ಕೇಳಿದೆ. ಚಪ್ಪಲಿ ನೋಡುತ್ತಾ ನಿಂತರು.
"ಹೇಳಿದ್ರೆ ಇದನ್ನೂ ನನ್ನ ತಲೆಗೇ ಕಟ್ತಾರೆ ಕಣಮ್ಮ."
ಆಮೇಲೆ ಬಾಯಿಬಿಟ್ಟರು. ನಾಲ್ಕು ವರ್ಷದ ಹಿಂದೆ ಬ್ಲಾಕಿಗೆ ಸುಣ್ಣ ಹಾಕಿಸುವಾಗ ಆ ಸಾಲಿನಲ್ಲಿ ಕಣಜದ ಹುಳುಗಳು ಎದ್ದವಂತೆ. ಎಲ್ಲರೂ ಓಡಿದರು, ಎಲ್ಲರಿಗಿಂತ ಮುಂದೆ ಇವರೇ. ಹನ್ನೊಂದು ಮರಕ್ಕೆ ಸುಣ್ಣ ಬೀಳಲೇ ಇಲ್ಲ. ಪೂರ್ತಿ ಹಾಕಿದೆವು ಎಂದು ಸಹಿ ಮಾಡಿಬಿಟ್ಟರು.
ನಗು ಬಂತು. ಅಷ್ಟರಲ್ಲೇ ನೆನಪಾಯಿತು. ಸುಣ್ಣ ಹಾಕಿ ಎಂದು ಲ್ಯಾಬಿನಿಂದ ಚೀಟಿ ಬರೆದವಳು ನಾನು.

ಜೂನ್ 11
ರಿಸಲ್ಟ್. ಸಾರಜನಕ, ಪೊಟ್ಯಾಷ್ ಎಲ್ಲ ಎಲೆಗಳಲ್ಲೂ ಸರಿಯಾಗಿವೆ. ಅಂದರೆ ಗೊಬ್ಬರ ಮರಕ್ಕೇ ಹೋಗಿದೆ. ಜಿಂಕ್ ಮಾತ್ರ ಚರಂಡಿಯಾಚೆ ಇಪ್ಪತ್ತಾರು ಪಿಪಿಎಂ, ಈಚೆ ಒಂಬತ್ತು. ಮಣ್ಣಿನಲ್ಲಿ ಜಿಂಕ್ ಇಲ್ಲದೆ ಇಲ್ಲ. ಸುಣ್ಣ ಹೆಚ್ಚಾಗಿ ಮಣ್ಣಿನ ಹುಳಿ ಸತ್ತಿದೆ, ಇರುವ ಜಿಂಕ್ ಬೇರಿಗೆ ದಕ್ಕುತ್ತಿಲ್ಲ.
ಹಳೆಯ ಫೈಲ್ ತೆಗೆದೆ. ಆಗ ಕೆಲಸಕ್ಕೆ ಸೇರಿ ಎರಡೇ ತಿಂಗಳು. ಒಂದು ಮೂಲೆಯ ಮಣ್ಣು ನೋಡಿ ಇಡೀ ಬ್ಲಾಕಿಗೆ ಸುಣ್ಣ ಬರೆದಿದ್ದೇನೆ. ದುಂಡು ದುಂಡು ಅಕ್ಷರ... ಎಷ್ಟು ಜಂಬ!

ಜೂನ್ 12
ಮ್ಯಾನೇಜರರ ಬಾಗಿಲವರೆಗೆ ಎರಡು ಸಲ ಹೋಗಿ ವಾಪಸ್ ಬಂದೆ. ಮೂರನೇ ಸಲ ಒಳಗೆ.
"ಮೇಸ್ತ್ರಿ ಗೊಬ್ಬರ ಕದ್ದಿಲ್ಲ ಸರ್. ತಪ್ಪಾಗಿರೋದು ನನ್ನ ಚೀಟೀಲಿ."
ಅವರು ಕನ್ನಡಕ ಒರೆಸಿದರು. ಒರೆಸುತ್ತಲೇ ಇದ್ದರು. ಕಣಜದ ವಿಷಯವನ್ನು ಭಾವನೇ ಬಂದು ಹೇಳಿದರು.
"ಸರಿಹೋಗತ್ತಾ?" ಎಂದರು ಮ್ಯಾನೇಜರ್.
ಗೊತ್ತಿಲ್ಲ ಎಂದೆ. ಇಪ್ಪತ್ತು ಮರಕ್ಕೆ ಜಿಂಕ್ ಸಲ್ಫೇಟ್ ಸಿಂಪಡಿಸಿ ನೋಡಲು ಒಪ್ಪಿದರು. ಭಾವನ ಮೇಲಿನ ಅನುಮಾನ ಮುಗಿಯಿತು. ನನಗೆ ಎಚ್ಚರಿಕೆಯ ಮೆಮೊ.
ಗಂಡನಿಗೆ ಕಳ್ಳನ ಹೆಸರು ಬಂದದ್ದು ನನ್ನಿಂದಲೇ ಎಂದು ಅಕ್ಕ ನನ್ನ ಜೊತೆ ಮಾತು ಬಿಟ್ಟಳು.

ಜುಲೈ 2
ಎರಡನೇ ಸಿಂಪಡಣೆ. ಏಣಿ ಹಿಡಿದದ್ದು ಭಾವ. ಅಕ್ಕ ಇವತ್ತು ಕಾಫಿ ತಂದುಕೊಟ್ಟಳು. ಮಾತಿಲ್ಲ. ಸಕ್ಕರೆ ಮಾತ್ರ ಎರಡು ಚಮಚ.

ಆಗಸ್ಟ್ 9, ಬ್ಲಾಕಿನಲ್ಲಿ
ಹದಿನೇಳು ಮರದ ಹೊಸ ಚಿಗುರು ಅಗಲವಾಗಿ, ನೆಟ್ಟಗೆ ಬಂದಿದೆ! ಭಾವ ಒಂದೊಂದನ್ನೂ ಮುಟ್ಟಿ ನೋಡಿದರು. ಉಳಿದ ಮೂರು ಮಾತ್ರ ಜಪ್ಪಯ್ಯ ಎಂದರೂ ಬದಲಾಗಿಲ್ಲ. ಮೂರೂ ಅಕ್ಕಪಕ್ಕ.
"ಇವಕ್ಕೆ ಬೇರೆ ಏನೋ ಆಗಿದೆ. ಬುಡ ನೋಡೋಣ್ವಾ?" ಎಂದರು.
ನಾನು ಹೂಂ ಎನ್ನುವ ಮೊದಲೇ ಗುದ್ದಲಿ ಹಾಕಿದ್ದಾರೆ. ಬೇರಿನ ಸುತ್ತ ಬೆಳ್ಳಗೆ ಏನೋ, ದಾರದ ಹಾಗೆ... ಕೈಗೆ ತೊಗೊಂಡು ನೋಡಿದೆ, ಬೇರು ಕೊಳೆಸುವ ಬೂಷ್ಟಿನ ಹಾಗಿದೆ; ಈ ಸಲ ಲ್ಯಾಬಿನಲ್ಲಿ ಪರೀಕ್ಷಿಸದೆ ಚೀಟಿ ಬರೆಯುವುದಿಲ್ಲ.