ಬೀಗರ ಮಗನ ಬೀಗ

ಬೀಗರಾಗಬಹುದಾದವರಿಗೆ,

ನಿಮ್ಮ ಮಗನ ಫೋಟೋ ತಲುಪಿತು, ಮುಖ ತಲುಪಲಿಲ್ಲ. ‘ಕೇಯಾಸ್’ ಎಂಬ ಗೊಂದಲದ ಗಣಿತದಿಂದ ಚಿತ್ರಗಳಿಗೆ ಬೀಗ ಹಾಕುವುದೇ ಅವನ ಕೆಲಸವೆಂದು ಹೇಳಿದ್ದಿರಿ, ನಿಜ. ನೀವು ಫೋನಿನಲ್ಲಿ ಹೇಳಿದ ಹದಿನಾರು ದಶಮಾಂಶ ಅಂಕಿಯ ಕೀಲಿಯನ್ನು ಚೀಟಿಯಲ್ಲಿ ಬರೆದುಕೊಂಡೆ. ಆದರೆ ಒತ್ತುವಾಗ, ಲೆಕ್ಕದ ಮೇಷ್ಟ್ರ ಅಭ್ಯಾಸಬಲ, ನಾಲ್ಕೇ ಅಂಕಿಗೆ ಮೊಟಕು ಮಾಡಿದೆ. ಪರದೆಯ ತುಂಬ ಮರಳು! ಯಾರು ಯಾರನ್ನು ಮರುಳು ಮಾಡುತ್ತಿದ್ದಾರೋ ಎನ್ನಿಸಿತು.

“ಅಯ್ಯೋ ಅಪ್ಪಾ, ಒಂದಂಕಿ ತಪ್ಪಿದ್ರೂ ಇಡೀ ಚಿತ್ರ ಕೆಡುತ್ತೆ, ಸರಿ ಆ ಕಡೆ” ಎಂದು ಮಗಳು ಹದಿನಾರನ್ನೂ ಟಪಟಪ ಒತ್ತಿದಳು. ಮುಖ ಬಂತು. ಚೀಟಿ ಮಾತ್ರ ನನ್ನ ಜೇಬಿನಲ್ಲೇ ಇತ್ತು.

ಈ ಮಕ್ಕಳಿಬ್ಬರೂ ಪರಸ್ಪರ ಪರಿಚಯವೇ ಇಲ್ಲವೆಂದು ನಿಮಗೂ ಹೇಳಿದ್ದಾರೆಯೇ?

ಒಂದು ಕೋರಿಕೆ. ಭಾನುವಾರ ಬನ್ನಿ. ವಿಳಾಸ ಕೊಡುವುದಿಲ್ಲ. ಮಗನನ್ನು ಮುಂದೆ ಬಿಟ್ಟು ಸುಮ್ಮನೆ ಹಿಂದೆ ನಡೆಯಿರಿ. ಅವನು ಯಾರನ್ನೂ ದಾರಿ ಕೇಳದೆ ನಮ್ಮ ಬಾಗಿಲು ತಟ್ಟಿದರೆ, ಅಂದಿನಿಂದ ನಿಮ್ಮನ್ನು ಬರೀ ‘ಬೀಗರೇ’ ಎನ್ನುತ್ತೇನೆ.

ಇಂತು,
ಸದ್ಯಕ್ಕೆ ಹುಡುಗಿಯ ಅಪ್ಪ ಮಾತ್ರ