ಅಧ್ಯಕ್ಷೆಗೆ ಏಕವಚನ

ಸೋಲ್, ಸೋಮವಾರ

ಅಕ್ಕಾ,

ಹೊಸ ಅಧ್ಯಕ್ಷೆಗೆ ದೇಶದೇಶಗಳಿಂದ ಅಭಿನಂದನೆಯ ಕರೆಗಳು ಬರುತ್ತಲೇ ಇವೆ. ಅವನ್ನು ಅನುವಾದಿಸುವ ಕೆಲಸಕ್ಕೆ ಸೇರಿ ನನಗಿದು ಮೂರನೆಯ ದಿನ. ಈ ದೊಡ್ಡ ಕಚೇರಿಯಲ್ಲಿ ಇನ್ನೂ ದಾರಿ ತಪ್ಪುತ್ತೇನೆ. ಬೆಳಿಗ್ಗೆ ದೂರದ ದ್ವೀಪದೇಶವೊಂದರ ಪ್ರಧಾನಿ, ತಮ್ಮ ರೂಢಿಯಂತೆ, ಅಧ್ಯಕ್ಷೆಯನ್ನು ಬರೀ ಹೆಸರಿನಿಂದ ಕರೆದರು. ಗಾಬರಿಯಲ್ಲಿ ನಾನೂ ಏಕವಚನದಲ್ಲೇ ಹೇಳಿಬಿಟ್ಟೆ:

"ಭೇಷ್ ಕಣೇ ಓಕ್‌ಬುನ್, ಗೆದ್ದೇಬಿಟ್ಟೆಯಲ್ಲೇ!"

ಅಧಿಕಾರಿಗಳೆಲ್ಲ ತಟ್ಟನೆ ನನ್ನತ್ತ ತಿರುಗಿದರು. ನನ್ನ ಕೆಲಸ ಹೋಯಿತೆಂದುಕೊಂಡೆ. ಅಧ್ಯಕ್ಷೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಅಮ್ಮ ಹೋದ್ಮೇಲೆ ಯಾರೂ ನನ್ನ ಹೀಗೆ ಕರೆದಿಲ್ಲ ಕಣಮ್ಮಾ. ಇನ್ನೊಂದ್ಸಲ ಹೇಳು!" ಎಂದರು. ಹೇಳಿದೆ, ಜೋರಾಗಿಯೇ!

ಗಂಟಲು ಕಟ್ಟಿದೆ, ಜೇನಿನಲ್ಲಿ ನೆನೆಸಿದ ನಾಶಪಾತಿ ಹಣ್ಣು ಕಳಿಸು. ಮತ್ತೆ ಫೋನು ಬಂತು. "ಆ ಹುಡುಗೀನೇ ಕರೀರಿ" ಎನ್ನುತ್ತಿದ್ದಾರೆ ಅಧ್ಯಕ್ಷೆ. ಓಡಿದೆ.

ನಿನ್ನ ಹೇರಿನ್