ಮೆನುವಿನ ಮೇಲಿನ ಇರುವೆ

ಅಪ್ಪಾ,

ನಿನ್ನೆ ಸಂಜೆ, ನೀವು ಚಿತ್ರಗಳನ್ನು ನಕಲು ಮಾಡುತ್ತಿದ್ದ ಆ ಹಿರಿಯ ಕಲಾವಿದರಿಗೆ ಸನ್ಮಾನದ ಔತಣವಿತ್ತು. ಊಟದ ಮೆನು ಅಚ್ಚಾದದ್ದು ನಮ್ಮ ಪ್ರೆಸ್ಸಿನಲ್ಲೇ, ಕರಡು ತಿದ್ದಿದ್ದು ನಾನೇ. ಮುಖಪುಟಕ್ಕೆ ಅವರು ಬರೆದ ದೋಣಿಯ ಚಿತ್ರ ಬೇಕಿತ್ತು. ಪ್ರೆಸ್ಸಿನ ಮಾಲೀಕರು ತಿಳಿಯದೆ ತೆಗೆದುಕೊಟ್ಟದ್ದು, ಹಿಂದೆ ಪ್ರೆಸ್ಸಿನ ಕ್ಯಾಲೆಂಡರಿಗಾಗಿ ನೀವು ಮಾಡಿದ ನಕಲನ್ನು. ದೋಣಿಯ ಅಂಚಿನಲ್ಲಿ ನಿಮ್ಮ ಇರುವೆ ಕೂತಿತ್ತು, ನಕಲು ಮಾಡಿದ ಪ್ರತಿ ಚಿತ್ರದಲ್ಲೂ ನೀವು ಸೇರಿಸುತ್ತಿದ್ದ ಅದೇ ಇರುವೆ. ಕರಡಿನಲ್ಲೇ ಕಂಡರೂ ತೆಗೆಸಲಿಲ್ಲ.

ಊಟಕ್ಕೆ ಕೂತಾಗ ಕಲಾವಿದರು ಮೆನುವನ್ನು ಕಣ್ಣಿನ ಹತ್ತಿರ ಹಿಡಿದು, “ಈ ಇರುವೆ ನಂದಲ್ಲವಲ್ಲ, ಯಾರ್ರೀ ಇದನ್ನ ಹತ್ತಿಸಿದ್ದು?” ಎಂದರು. ಮಾಲೀಕರ ಮುಖ ಬಿಳಿಚಿಕೊಂಡಿತು.

“ನಮ್ಮಪ್ಪ, ಸರ್,” ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಿದೆ.

ಅವರು ನಕ್ಕುಬಿಟ್ಟರು. “ಇಷ್ಟು ವರ್ಷ ನನ್ನ ದೋಣಿ ಖಾಲಿ ಇತ್ತು ಕಣಮ್ಮ. ಅವರನ್ನೂ ಊಟಕ್ಕೆ ಕರ್ಕೊಂಡು ಬರೋದಲ್ವಾ?”

ಅಪ್ಪ ಏನು ಮಾಡ್ತಾರೆ ಎಂದು ಕಾಲೇಜಿನಲ್ಲಿ ಕೇಳಿದವರಿಗೆಲ್ಲ “ಪ್ರೆಸ್ಸಲ್ಲಿ ಏನೋ ಕೆಲಸ” ಎನ್ನುತ್ತಿದ್ದವಳು ನಾನು. ನಿನ್ನೆ, ನೀವು ಈಗ ಬದುಕಿಲ್ಲ ಎಂದು ಹೇಳಲು ನಾಲಿಗೆ ಏಳಲಿಲ್ಲ.

“ಇನ್ನೊಮ್ಮೆ ಖಂಡಿತ ಕರ್ಕೊಂಡು ಬರ್ತೀನಿ ಸರ್” ಎಂದುಬಿಟ್ಟೆ, ಅಪ್ಪಾ.